ಅಂಡೂ ಬಾಣ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ ಅಕ್ಕಾ, ಹೋಮ್ ಟ್ಯಾಬ್ ಒತ್ತಿ ನೋಡಿ, ಎಡಗಡೆ ತುದಿಯಲ್ಲಿದೆ. ಮೊದಲು ಎಕ್ಸೆಲ್ ತೆಗೆದರೆ ಸಾಕು, ನೆತ್ತಿಯ ಮೇಲೇ ಸೇವ್ ಪಕ್ಕದಲ್ಲಿ ಇರ್ತಿತ್ತಲ್ಲ, ಆ ಪುಟ್ಟ ಪಟ್ಟಿಯನ್ನೇ 2021ರ ಹೊಸ ವಿನ್ಯಾಸದಲ್ಲಿ ಮರೆ ಮಾಡಿಬಿಟ್ಟರು. ಹೀಗಾಗಿ ನೀವು ಇನ್ಸರ್ಟ್‌ನಲ್ಲೋ ಡೇಟಾದಲ್ಲೋ ಇದ್ದಾಗ ಬಾಣ ಕಣ್ಣಿಗೇ ಬೀಳಲ್ಲ. ‘ಕಂಟ್ರೋಲ್ ಝಡ್ ಒತ್ತಿ ಮೇಡಂ’ ಅಂದನಾ ಆಫೀಸಿನ ಹುಡುಗ? ಅವನು ಹೇಳಿದ್ದು ಸರಿ. ಆದರೆ ಇಷ್ಟು ವರ್ಷ ಮೌಸ್ ಹಿಡಿದು ಅದೇ ಮೂಲೆಗೆ ಹೋಗಿ ಅಭ್ಯಾಸವಾದ ಕೈಗೆ ಅಷ್ಟು ಹೇಳಿದರೆ ಸಾಲದು. ಅದೂ ಮಾರ್ಚ್ ತಿಂಗಳು, ವರ್ಷದ ಲೆಕ್ಕ ಮುಗಿಸಬೇಕಾದ ಹೊತ್ತು. ನಿಮಗೆ ಸಿಟ್ಟು ಬಂದದ್ದು ನ್ಯಾಯವೇ.

ಇದಕ್ಕಿಂತ ದೊಡ್ಡ ಏಟು 2007ರಲ್ಲಿ ಬಿದ್ದಿತ್ತು, ನೆನಪಿದೆಯಾ? ಫೈಲ್, ಎಡಿಟ್, ವ್ಯೂ ಅಂತ ಸಾಲಾಗಿ ಇದ್ದ ಮೆನುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ರಿಬ್ಬನ್ ಅನ್ನೋ ಅಗಲ ಪಟ್ಟಿ. ಫೈಲ್ ಮೆನು ಇದ್ದಲ್ಲಿ ಒಂದು ದುಂಡನೆ ಗುಂಡಿ. ಅದನ್ನು ಒತ್ತಬೇಕು ಅಂತಲೇ ಎಷ್ಟೋ ಜನಕ್ಕೆ ಹೊಳೀಲಿಲ್ಲ, ಪ್ರಿಂಟ್ ತೆಗೆಯೋಕೆ ಒದ್ದಾಡಿದರು. 2010ರಲ್ಲಿ ಆ ಗುಂಡಿ ಹೋಗಿ ಫೈಲ್ ಅನ್ನೋ ಹೆಸರೇ ವಾಪಸ್ ಬಂತು. ಅಲ್ಲಿ ತಪ್ಪು ಮಾಡಿದ್ದು ಜನ ಅಲ್ಲ ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳ್ತೀನಿ.

ಆದರೂ ಮೈಕ್ರೋಸಾಫ್ಟಿನವರು ಸುಮ್ಮನೆ ಹುಚ್ಚಿಗೆ ಬದಲಾಯಿಸಿದ್ದಲ್ಲ ಅಕ್ಕಾ. ವರ್ಡ್ ಶುರುವಾದಾಗ ಇದ್ದದ್ದು ಸುಮಾರು ನೂರು ಆಜ್ಞೆ. 2003ರ ಹೊತ್ತಿಗೆ ಸಾವಿರದ ಐನೂರು ದಾಟಿತ್ತು. ಮೆನು ತುಂಬಿ, ಟೂಲ್‌ಬಾರ್ ತುಂಬಿ, ಇನ್ನು ಇಡೋಕೆ ಜಾಗವೇ ಇರಲಿಲ್ಲ. ಅಪರೂಪಕ್ಕೆ ಬಳಸೋವನ್ನು ತಾನಾಗೇ ಬಚ್ಚಿಡೋ ಮೆನುವನ್ನೂ 2000ದ ಆವೃತ್ತಿಯಲ್ಲಿ ತಂದು ನೋಡಿದರು. ನಿನ್ನೆ ಇದ್ದದ್ದು ಇವತ್ತಿಲ್ಲ ಅಂತಾಗಿ ಜನ ಇನ್ನೂ ಬೇಸತ್ತರು. ರಿಬ್ಬನ್ ರೂಪಿಸಿದ ತಂಡದ ಜೆನ್ಸನ್ ಹ್ಯಾರಿಸ್ ಈ ಕಥೆಯನ್ನೆಲ್ಲ ಬಿಡಿಸಿ ಬರೆದಿದ್ದಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಲೆಕ್ಕ ಒಂದಿದೆ: ವರ್ಡ್ 2003ರಲ್ಲಿ ಜನ ಕೊಟ್ಟ ಒಟ್ಟು ಆಜ್ಞೆಗಳಲ್ಲಿ ಸುಮಾರು ಶೇ. 32 ಬರೀ ಐದರದ್ದೇ. ಪೇಸ್ಟ್, ಸೇವ್, ಕಾಪಿ, ಅಂಡೂ, ಬೋಲ್ಡ್. ಪೇಸ್ಟ್ ಒಂದೇ ಶೇ. 11ಕ್ಕಿಂತ ಜಾಸ್ತಿ. ನಾಲ್ಕನೇ ಸ್ಥಾನದಲ್ಲಿ ನಿಮ್ಮ ಅಂಡೂ! ಅಂಥದ್ದನ್ನು ಯಾವಾಗಲೂ ಕಾಣೋ ಜಾಗದಿಂದ ತೆಗೆದು ಒಂದು ಟ್ಯಾಬಿನೊಳಗೆ ಹಾಕಿದ್ದು ನನಗಂತೂ ಒಪ್ಪಿಗೆಯಿಲ್ಲ.

ಆದರೆ ಅವರು ಮಾಡಿದ ಒಂದು ಕೆಲಸಕ್ಕೆ ಕೈ ಮುಗೀಬೇಕು. ಒಂದು ಕೋಶವನ್ನು ಕಾಪಿ ಮಾಡಿ, ಆಲ್ಟ್ ಒತ್ತಿ ಬಿಡಿ, ಆಮೇಲೆ ಇ ಒತ್ತಿ. ಮೇಲೆ ಚಿಕ್ಕ ಚೌಕ ತೆರೆದು, ಹಳೇ ಆವೃತ್ತಿಯ ಕೀಲಿಗಳನ್ನು ಮುಂದುವರಿಸಿ ಅನ್ನುತ್ತೆ. ಎಸ್ ಒತ್ತಿ: ಪೇಸ್ಟ್ ಸ್ಪೆಷಲ್ ಪೆಟ್ಟಿಗೆ ಬಂತು. ವಿ, ಎಂಟರ್: ಫಾರ್ಮುಲಾ ಬಿಟ್ಟು ಬರೀ ಅಂಕಿ ಕೂತಿತು. ಎಡಿಟ್ ಮೆನುವೇ ಪರದೆ ಮೇಲಿಲ್ಲ, ಅದರ ಕೀಲಿ ಮಾತ್ರ ಇವತ್ತಿಗೂ ನಡೆಯುತ್ತೆ! ಆಲ್ಟ್, ಡಿ, ಎಫ್, ಎಫ್ ಒತ್ತಿದರೆ ಫಿಲ್ಟರ್ ಬರುತ್ತೆ, ಅದೂ ಹಾಗೇ. ಹಳೇ ಲೆಕ್ಕಿಗರ ಬೆರಳಿಗೆ ಬಂದ ವಿದ್ಯೆಯನ್ನು ಯಾರೋ ಲೆಕ್ಕಕ್ಕೆ ತಗೊಂಡಿದ್ದಾರೆ. ಹೊಸದನ್ನು ತರೋರಿಂದ ನಾನು ಕೇಳೋದು ಇಷ್ಟನ್ನೇ. ಕನ್ನಡ ಟೈಪ್ ಮಾಡೋ ನಮ್ಮ ‘ನುಡಿ’ ತಂತ್ರಾಂಶವನ್ನೇ ನೋಡಿ, ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ಜಾಡನ್ನೇ ಹಿಡಿದದ್ದು. ಅಕ್ಷರ ಯೂನಿಕೋಡಿಗೆ ಬಂದಾಗಲೂ ಅದರಲ್ಲಿ ಕಲಿತವರು ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕಾಗಲಿಲ್ಲ.

ಈಗ ನಾಳೆಯ ಕೆಲಸ ಹೇಳ್ತೀನಿ ಕೇಳಿ. ರಿಬ್ಬನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಶೋ ಕ್ವಿಕ್ ಆಕ್ಸೆಸ್ ಟೂಲ್‌ಬಾರ್’ ಅಂತಿದೆ, ಒತ್ತಿ. ಮರೆಯಾಗಿದ್ದ ಪಟ್ಟಿ ಬರುತ್ತೆ. ಆಮೇಲೆ ದಿನಾ ಬೇಕಾಗೋದು ಯಾವುದೋ ಅದರ ಮೇಲೂ ರೈಟ್ ಕ್ಲಿಕ್ ಮಾಡಿ ಆ ಪಟ್ಟಿಗೆ ಸೇರಿಸಿಕೊಳ್ಳಿ: ಫಿಲ್ಟರ್, ಫ್ರೀಜ್ ಪೇನ್ಸ್, ಹೀಗೆ. ಏಳೆಂಟು ಸಾಕು, ಪೂರ್ತಿ ರಿಬ್ಬನ್ ಕಲೀಬೇಕು ಅಂತ ಯಾರೂ ನಿಮ್ಮನ್ನ ಒತ್ತಾಯ ಮಾಡೋ ಹಾಗಿಲ್ಲ. ಸಾಲಿನಲ್ಲಿ ಮೊದಲು ಇಟ್ಟದ್ದಕ್ಕೆ ಆಲ್ಟ್ 1, ಎರಡನೇದಕ್ಕೆ ಆಲ್ಟ್ 2, ಕೀಲಿ ತಾನಾಗೇ ಸಿಗುತ್ತೆ. ಎಲ್ಲ ಜೋಡಿಸಿದ ಮೇಲೆ ಆಪ್ಷನ್ಸ್‌ಗೆ ಹೋಗಿ, ರಿಬ್ಬನ್ ಹೊಂದಿಸೋ ಪುಟದಲ್ಲಿ ಎಕ್ಸ್‌ಪೋರ್ಟ್ ಅಂತ ಕೊಟ್ಟು ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ನಿಮ್ಮ ಆಫೀಸಿನವರು ಮುಂದೆ ಕಂಪ್ಯೂಟರ್ ಬದಲಾಯಿಸಿದರೂ ಹೊಸದರಲ್ಲಿ ಇಂಪೋರ್ಟ್ ಮಾಡಿದರಾಯ್ತು, ನಿಮ್ಮ ಸಾಲು ನಿಮಗೆ ಸಿಗುತ್ತೆ.