ಮೀನಖಂಡದ ಧೈರ್ಯ

ನಮ್ಮ ಕಾಲೇಜಿನ ಮಕ್ಕಳು ಮ್ಯಾರಥಾನ್ ತಯಾರಿಗೆ ಇಳಿದ ಮೇಲೆ ಹೆಚ್ಚು ದಣಿದವನು ನಾನೇ. ಓಡುವವರು ಅವರು, ಬೆಳ್ಳಂಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನೀರಿನ ಬಾಟಲಿ, ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ ಹಿಡಿದು ನಿಲ್ಲುವವನು ನಾನು. “ನೀವು ಹೇಗೂ ವಾಕಿಂಗ್ ಬರ್ತೀರಲ್ಲ ಸಾರ್” ಎಂದು ಪಿ.ಟಿ. ಮೇಷ್ಟ್ರು ಈ ಪದವಿ ದಯಪಾಲಿಸಿದರು.

ಮೊದಲ ದಿನ ಕೆರೆ ಸುತ್ತಲು ಹೊರಟವರಲ್ಲಿ ಅರ್ಧಕ್ಕರ್ಧ ಜನ ಕಲ್ಲುಬೆಂಚುಗಳ ಮೇಲೆ ಸಿಕ್ಕರು. ಒಬ್ಬನಿಗೆ ಪಕ್ಕೆ ಹಿಡಿದಿತ್ತು, ಇನ್ನೊಬ್ಬ ನಾಯಿಗೆ ಹೆದರಿದ್ದ, ಮತ್ತೊಬ್ಬ ಪಕ್ಷಿವೀಕ್ಷಣೆಗೆ ಕೂತೆ ಎಂದ. ಮೇಷ್ಟ್ರು ಬಯ್ಯಲಿಲ್ಲ. ಮೂರು ನಿಮಿಷ ಓಡಿ, ಒಂದು ನಿಮಿಷ ನಡೆಯಿರಿ ಎಂದರು. ಓಡುತ್ತಲೇ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ಕ್ಲಾಸಿನಲ್ಲಿ ಮಾತಾಡಿದ್ದಕ್ಕೆ ಹೊರಗೆ ನಿಲ್ಲುತ್ತಿದ್ದವರು ಇಲ್ಲಿ ದಿಢೀರನೆ ಮಾದರಿ ವಿದ್ಯಾರ್ಥಿಗಳಾದರು. ವಾರಕ್ಕೊಂದು ದೂರದ ಓಟ, ಮಾರನೆಯ ದಿನ ಕಡ್ಡಾಯ ವಿಶ್ರಾಂತಿ. ಎರಡನೆಯ ನಿಯಮವನ್ನು ಎಲ್ಲರೂ ಭಕ್ತಿಯಿಂದ ಪಾಲಿಸಿದರು.

ಶೂ ಬೆಲೆ ಕೇಳಿದ ತಂದೆಯೊಬ್ಬರಿಗೆ ಇದ್ದಕ್ಕಿದ್ದಂತೆ ಕ್ರೀಡಾ ಇತಿಹಾಸ ನೆನಪಾಯಿತು. “1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲೇ ಓಡಿ ಚಿನ್ನ ಗೆದ್ದ, ಗೊತ್ತಾ?” ಮಗಳು ಬಿಡಲಿಲ್ಲ. “1964ರಲ್ಲಿ ಟೋಕಿಯೊದಲ್ಲಿ ಶೂ ಹಾಕ್ಕೊಂಡೇ ಗೆದ್ದ, ಅದೂ ಗೊತ್ತಾ ಅಪ್ಪಾ?” ಸಂಜೆಯೇ ಶೂ ಬಂತು.

ಇದೇ ಹುಡುಗಿ ಹಾಜರಿ ಹೇಳುತ್ತಿದ್ದುದು ಮುಂದಿನ ಬೆಂಚಿಗಷ್ಟೇ ಕೇಳಿಸುತ್ತಿತ್ತು. ನಡೆಯದೆ ಹತ್ತು ಕಿ.ಮೀ. ಓಡಿದ ವಾರ ತರಗತಿಯಲ್ಲಿ ಎದ್ದು ನಿಂತು, “ಅರ್ಥ ಆಗಲಿಲ್ಲ ಸಾರ್, ಇನ್ನೊಂದ್ಸಲ ಹೇಳಿ” ಅಂದಳು. ತುಂಬಿದ ಕ್ಲಾಸಿನಲ್ಲಿ ಹಾಗೆ ಹೇಳಲು ಎಂಟೆದೆ ಬೇಕು. ಅವಳನ್ನು ನೋಡಿ ಉಳಿದವರಿಗೂ ಅರ್ಥವಾಗುವುದು ನಿಂತುಹೋಯಿತು. ಈಗ ನನ್ನ ಪೋರ್ಷನ್ ಎರಡು ಅಧ್ಯಾಯ ಹಿಂದೆ ಬಿದ್ದಿದೆ. ಇಂಟರ್ನಲ್ ಅಂಕ ಯಾಕೆ ಕಡಿಮೆ ಎಂದು ವಿನಯದಿಂದಲೇ, ಆದರೆ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾರೆ. ಮಕ್ಕಳಿಗೆ ಆತ್ಮವಿಶ್ವಾಸ ಬರಲಿ ಎಂದು ವಾರ್ಷಿಕೋತ್ಸವದಲ್ಲಿ ಹಾರೈಸುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಟೈ ಕಟ್ಟಿದವರು “ನಿಮ್ಮಿಂದ ಸಾಧ್ಯ!” ಎಂದು ಗಂಟೆಗಟ್ಟಲೆ ಕೂಗಿದ್ದನ್ನು ನಾನೂ ಕೇಳಿದ್ದೇನೆ. ಆ ಧೈರ್ಯ ಊಟದ ಗಂಟೆ ಹೊಡೆಯುವಷ್ಟರಲ್ಲಿ ಇಳಿದಿರುತ್ತದೆ. ಮೀನಖಂಡದಲ್ಲಿ ಕೂತ ಧೈರ್ಯ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಓಟದಲ್ಲಿ ಇಂಪಾರ್ಟೆಂಟ್ ಪ್ರಶ್ನೆಗಳಿಲ್ಲ, ಗ್ರೇಸ್ ಮಾರ್ಕ್ಸ್ ಇಲ್ಲ, ಪಕ್ಕದವನದು ನೋಡಿ ಬರೆಯುವಂತಿಲ್ಲ. ಓಡಿದ ಕಿಲೋಮೀಟರು ಓಡಿದವನದೇ. ಹೋದ ತಿಂಗಳು ಆಗದೇ ಇದ್ದದ್ದು ಈ ತಿಂಗಳು ಆಯಿತೆಂದು ಕಾಲೇ ಸಾಕ್ಷಿ ಹೇಳುವಾಗ ಭಾಷಣಕಾರರಿಗೆ ಕೆಲಸವಿರುವುದಿಲ್ಲ.

ಪೂರ್ತಿ ಮ್ಯಾರಥಾನ್ 42.195 ಕಿ.ಮೀ.; ಅದಕ್ಕೆ ಅವಸರವಿಲ್ಲ. ನಮ್ಮವರು ಸದ್ಯ ಹಾಫ್ ಮ್ಯಾರಥಾನಿನ 21.1ರ ಮೇಲೆ ಕಣ್ಣಿಟ್ಟಿದ್ದಾರೆ. ತಂದೆತಾಯಿಯರಲ್ಲಿ ನನ್ನದೊಂದೇ ವಿನಂತಿ: ಮಗ ಅಥವಾ ಮಗಳು ಅಷ್ಟು ದೂರ ಓಡಿ ಮನೆಗೆ ಬಂದಾಗ “ಎಷ್ಟನೇ ಪ್ರೈಜು?” ಎಂದು ಕೇಳಬೇಡಿ. ಸ್ನಾನಕ್ಕೆ ಬಿಸಿನೀರು ಕಾಯಿಸಿ, ನಾಲ್ಕು ಇಡ್ಲಿ ಜಾಸ್ತಿ ಹಾಕಿ.