ಊಟಕ್ಕೆ ಮೊದಲು, ಉಸಿರಿರುವ ತನಕ

ಮುಳಬಾಗಿಲು ಬಳಿಯ ಕುರುಡುಮಲೆಯಲ್ಲಿ ಶುರು ಮಾಡಿದ ಕೆಲಸಕ್ಕೆ ವಿಘ್ನವಿಲ್ಲ ಎಂಬುದನ್ನು ರಾಜಕಾರಣಿಗಳು ಎಂದೋ ಕಂಡುಕೊಂಡಿದ್ದಾರೆ. 2022ರ ನವೆಂಬರ್‌ನಲ್ಲಿ ಜೆಡಿಎಸ್‌ನವರು ಪಂಚರತ್ನ ಯಾತ್ರೆಗೆ ಮೊದಲು ಇಲ್ಲಿ ಕೈಮುಗಿದರು. 2023ರ ಫೆಬ್ರವರಿಯಲ್ಲಿ ಕಾಂಗ್ರೆಸ್‌ನವರ ಪ್ರಜಾಧ್ವನಿ ಬಸ್ಸೂ ಇಲ್ಲಿಂದಲೇ ಹೊರಟಿತು. 13 ಅಡಿಗೂ ಮಿಗಿಲಾದ ಏಕಶಿಲಾ ಗಣಪ ಎರಡೂ ಅರ್ಜಿ ತೆಗೆದುಕೊಂಡು ಒಂದಕ್ಕೆ ಮಾತ್ರ ಸಹಿ ಹಾಕಿದ. ದೊಡ್ಡ ಹೊಟ್ಟೆಯ ದೇವರು. ಯಾರು ಏನು ತಂದರೂ ಅರಗಿಸಿಕೊಳ್ಳುತ್ತಾನೆ. ಕಡುಬು ಜಾಸ್ತಿಯಾಗಿ ಹೊಟ್ಟೆ ಬಿರಿದಾಗಲೂ ಹಾವೊಂದನ್ನು ಬಿಗಿದುಕೊಂಡು ಸುಧಾರಿಸಿಕೊಂಡವನು. ಆಗಿನ್ನೂ ಮೆಡಿಕಲ್ ಸ್ಟೋರ್ ಇರಲಿಲ್ಲ.

ಈಗ ಇವೆ. ಹಾಗಾಗಿ ಭಕ್ತರಿಗೆ ಹಾವಿನ ಗೊಡವೆ ಇಲ್ಲ. ಟೊಮೆಟೊ ಬಾಕ್ಸ್ ತುಂಬಿಕೊಂಡು ನಸುಕಿಗೇ ಕೋಲಾರದ ಮಂಡಿಗೆ ಹೊರಡುವವನು ಖಾಲಿ ಹೊಟ್ಟೆಗೆ ಟೀ ಹಾಕುತ್ತಾನೆ, ಹರಾಜಿನ ರೇಟು ಕೇಳಿ ಇನ್ನೊಂದು ಟೀ ಹಾಕುತ್ತಾನೆ, ಹನ್ನೊಂದಕ್ಕೆ ಮುಳಬಾಗಿಲಿಗೆ ಬಂದು ತುಪ್ಪ ಜಿನುಗುವ ದೋಸೆಗೆ ಕೆಂಪು ಚಟ್ನಿ ಬಳಿಸಿಕೊಳ್ಳುತ್ತಾನೆ. ಆಮೇಲೆ ಎದೆ ಉರಿದರೆ ಕಾರಣ ಒಂದೇ: ಗ್ಯಾಸ್. ಪರಿಹಾರವೂ ಒಂದೇ, ಅದು ರಸ್ತೆಯಾಚೆ ಗಾಜಿನ ಕೌಂಟರಿನಲ್ಲಿದೆ.

“ಅಣ್ಣಾ, ಗ್ಯಾಸ್‌ದು ಒಂದು ಶೀಟ್ ಕೊಡಣ್ಣ.”

“ಬರೀ ಉರೀನಾ, ತೇಗೂ ಬತ್ತದಾ?”

“ತೇಗೂ ಬತ್ತದೆ.”

“ಹಂಗಾದ್ರೆ ‘ಡಿ’ ಇರೋದು ತಗೊಂಡೋಗು, ಸ್ಟ್ರಾಂಗು.”

“ಎಷ್ಟು ದಿನ ತಗೋಬೇಕಣ್ಣ?”

“ಊಟಕ್ಕೆ ಮುಂಚೆ.”

ಇಡೀ ಚಿಕಿತ್ಸಾ ಶಾಸ್ತ್ರ ಈ ಆರು ಮಾತಿನಲ್ಲಿ ಮುಗಿಯಿತು. ಡಾಕ್ಟರ ಚೀಟಿಯಿಲ್ಲದೆ ಮಾರಕೂಡದು ಎಂದು ಶೀಟಿನ ಬೆನ್ನ ಮೇಲೆ ಅಚ್ಚಾಗಿದೆ ನಿಜ. ಆದರೆ ಅದು ಇಂಗ್ಲಿಷಿನಲ್ಲಿದೆ, ಇರುವೆ ಓದುವ ಅಳತೆಯಲ್ಲಿದೆ. ಕನ್ನಡ ಬಲ್ಲ ಇರುವೆಗೂ ಪ್ರಯೋಜನವಿಲ್ಲ.

ಆ ‘ಡಿ’ ಯಾರೆಂದರೆ, ಡೊಂಪೆರಿಡೋನ್. ಬೆಲ್ಜಿಯಂನ ಜಾನ್ಸೆನ್ ಕಂಪನಿಯ ಪ್ರಯೋಗಾಲಯದಲ್ಲಿ 1974ರಲ್ಲಿ ಹುಟ್ಟಿದ್ದು. ಕೆಲಸ: ಹೊಟ್ಟೆಯಲ್ಲಿರುವುದನ್ನು ಬೇಗ ಕೆಳಗೆ ತಳ್ಳುವುದು, ವಾಂತಿ ತಡೆಯುವುದು. ಆ ಕೆಲಸದಲ್ಲಿ ನಿಸ್ಸೀಮ. ತೊಂದರೆಯೆಂದರೆ, ಹೊಟ್ಟೆಗೆಂದು ಬಂದವನು ಪಕ್ಕದ ಮನೆಯಾದ ಹೃದಯಕ್ಕೂ ಕೈ ಹಾಕುತ್ತಾನೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಹಿಗ್ಗುತ್ತದೆ. ತೀರ ಹಿಗ್ಗಿದರೆ ಬಡಿತದ ಲಯ ತಪ್ಪುತ್ತದೆ. ಇದರ ಇಂಜೆಕ್ಷನ್ ರೂಪವನ್ನು ಹೃದಯ ನಿಂತ ಪ್ರಕರಣಗಳ ಮೇಲೆ 1980ರ ದಶಕದಲ್ಲೇ ಹಿಂದೆ ಪಡೆದರು. ಅಮೆರಿಕ ಇದಕ್ಕೆ ಪರವಾನಗಿಯನ್ನೇ ಕೊಟ್ಟಿಲ್ಲ. ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಕಟ್ಟು ಹಾಕಿತು: ವಾಕರಿಕೆ, ವಾಂತಿಗೆ ಮಾತ್ರ, ದಿನಕ್ಕೆ 30 ಮಿಲಿಗ್ರಾಂ ಮೀರಬಾರದು, ಸಾಮಾನ್ಯವಾಗಿ ಒಂದು ವಾರ ದಾಟಬಾರದು. ಎದೆಯುರಿಗೆ, ಹೊಟ್ಟೆಯುಬ್ಬರಕ್ಕೆ ಬೇಡ.

ನಾವೂ 30 ಮಿಲಿಗ್ರಾಂ ನಿಯಮವನ್ನು ಶಿರಸಾವಹಿಸಿದ್ದೇವೆ. ಅಷ್ಟನ್ನೂ ಒಂದೇ ಕ್ಯಾಪ್ಸೂಲಿಗೆ ತುಂಬಿ, ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲನ್ನೋ ರಾಬೆಪ್ರಜೋಲನ್ನೋ ಜೋಡಿ ಮಾಡಿ, ವಾರದ ಬದಲು ವರ್ಷಗಟ್ಟಲೆ ನುಂಗುತ್ತಿದ್ದೇವೆ. ಬೆಳಗ್ಗೆಯದು ಸಾಲದೆಂದು ರಾತ್ರಿ ಇನ್ನೊಂದು ಹಾಕಿದವನು 60ಕ್ಕೆ ತಲುಪಿದ. 60 ವರ್ಷ ದಾಟಿದವರಿಗೆ, 30 ಮಿಲಿಗ್ರಾಂ ಮೀರಿದವರಿಗೆ ಅಪಾಯ ಹೆಚ್ಚೆಂದು ಯುರೋಪಿನವರು ಹೇಳಿದ್ದರು. ನಮ್ಮ ತಾತ ಎರಡೂ ಅರವತ್ತನ್ನು ಒಂದೇ ಗುಟುಕಿಗೆ ದಾಟುತ್ತಾನೆ. ಮೇಲೆ ಕೆಮ್ಮಿಗೆ ಕ್ಲಾರಿತ್ರೊಮೈಸಿನ್, ತುರಿಕೆಗೆ ಫ್ಲುಕೊನಜೋಲ್ ಬಂದರೆ, ಅವು ಡೊಂಪೆರಿಡೋನನ್ನು ಮೈಯಿಂದ ಬೇಗ ಹೊರಡಲು ಬಿಡುವುದಿಲ್ಲ.

ಇಂಥ ಜೋಡಿ ಮಾತ್ರೆಗೆ ನಮ್ಮಲ್ಲೂ ಒಂದು ಷರತ್ತುಂಟು: ಆಸಿಡ್ ಮಾತ್ರೆ ಒಂಟಿಯಾಗಿ ಕೊಟ್ಟು, ಅದು ನಾಟದಿದ್ದರೆ ಮಾತ್ರ ಜೋಡಿ. ಆದರೆ ಮದುವೆಯ ವಿಷಯದಲ್ಲಿ ನಾವು ತಡ ಮಾಡುವವರಲ್ಲ. ಒಂಟಿ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿಸಿ ಎರಡು ವಾರ ಕಾಯುವ ತಾಳ್ಮೆ ಯಾರಿಗೂ ಇಲ್ಲ; ಮೊದಲ ದಿನವೇ ಓಲಗ.

ಡೊಂಪೆರಿಡೋನ್ ಹಳೆಯದಾಯಿತು ಅನ್ನುವವರಿಗೆ ಲೆವೊಸಲ್ಪಿರೈಡ್ ಇದೆ. ಮನೋವೈದ್ಯರ ಕಪಾಟಿನ ವಂಶ. ಈಗ ಹುಳಿತೇಗಿನ ಇಲಾಖೆಗೆ ವರ್ಗವಾಗಿದೆ. ತಿಂಗಳುಗಟ್ಟಲೆ ತಿಂದ ಕೆಲವರಿಗೆ ಕೈ ನಡುಗುತ್ತದೆ, ಮುಖದ ಕಳೆ ಹೋಗುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಪಾರ್ಕಿನ್ಸನ್ ಅಂದುಕೊಂಡು ಅದಕ್ಕೊಂದು ಮಾತ್ರೆ ಶುರುವಾಗುತ್ತದೆ. ಆ ಮಾತ್ರೆಗೆ ಹೊಟ್ಟೆ ತೊಳಸುತ್ತದೆ. ತೊಳಸಿದ್ದಕ್ಕೆ ಏನು ಕೊಡುತ್ತಾರೆಂದು ಇಷ್ಟು ಓದಿದವರಿಗೆ ಹೇಳಬೇಕಿಲ್ಲ. ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪಬಹುದು, ಬಾಣಂತಿಯಲ್ಲದವರ ಎದೆಯಲ್ಲೂ ಹಾಲು ಜಿನುಗಬಹುದು. ಆಗ ಮನೆಯವರು ದೇವರು, ದೋಷ, ದೃಷ್ಟಿ ಎಲ್ಲವನ್ನೂ ಅನುಮಾನಿಸುತ್ತಾರೆ, ಗ್ಯಾಸ್ ಮಾತ್ರೆಯೊಂದನ್ನು ಬಿಟ್ಟು.

ಇದೇ ಮನೆತನದ ಇನ್ನೊಬ್ಬನಿದ್ದ, ಸಿಸಾಪ್ರೈಡ್. ಎದೆಯುರಿಗೆಂದೇ ಅಮೆರಿಕದಲ್ಲಿ 1993ರಲ್ಲಿ ಪರವಾನಗಿ ಪಡೆದವನು. 1999ರ ಕೊನೆಯ ಹೊತ್ತಿಗೆ ಅಲ್ಲಿನ ಔಷಧ ಇಲಾಖೆಗೆ ಹೃದಯ ಲಯ ತಪ್ಪಿದ 341 ವರದಿಗಳು ಬಂದಿದ್ದವು. ಅವುಗಳಲ್ಲಿ 80 ಸಾವು. 2000ದಲ್ಲಿ ಅಲ್ಲಿನ ಪೇಟೆಯಿಂದ ಹೊರಬಿದ್ದ. ನಮ್ಮ ದೇಶದಲ್ಲಿ ನಿಷೇಧ ಬಂದದ್ದು 2011ರ ಫೆಬ್ರವರಿಯಲ್ಲಿ. ಅತಿಥಿಯನ್ನು ಹನ್ನೊಂದು ವರ್ಷ ಉಣ್ಣಿಸಿ ಕಳಿಸುವುದು ನಮ್ಮ ಸಂಸ್ಕಾರ.

ತಪ್ಪೆಲ್ಲ ಮೆಡಿಕಲ್ ಶಾಪಿನವನದೇ ಅಂದರೆ ಗಣಪ ಮೆಚ್ಚನು. ಐಸಿಎಂಆರ್‌ನವರು 13 ದೊಡ್ಡ ಆಸ್ಪತ್ರೆಗಳಲ್ಲಿ 2019ರ ಆಗಸ್ಟ್‌ನಿಂದ ಒಂದು ವರ್ಷ 4,838 ಚೀಟಿಗಳನ್ನು ಜಾಲಾಡಿದರು. 475 ಚೀಟಿಗಳು ಒಪ್ಪಲಾಗದಷ್ಟು ದಾರಿ ತಪ್ಪಿದ್ದವು. ಅವುಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವರು ಪ್ಯಾಂಟೊಪ್ರಜೋಲ್ ಮತ್ತು ರಾಬೆಪ್ರಜೋಲ್–ಡೊಂಪೆರಿಡೋನ್ ಜೋಡಿ. ಮೊಣಕಾಲು ನೋವಿಗೆ ಹೋದರೂ “ಜೊತೆಗೆ ಗ್ಯಾಸ್‌ಗೊಂದು”, ಜ್ವರಕ್ಕೆ ಹೋದರೂ “ಜೊತೆಗೆ ಗ್ಯಾಸ್‌ಗೊಂದು”. ಬರೆಯದ ಡಾಕ್ಟರನ್ನು ನಾವೂ ಡಾಕ್ಟರೆಂದು ಒಪ್ಪುವುದಿಲ್ಲ: “ಏನ್ ಡಾಕ್ಟ್ರು, ಗ್ಯಾಸ್ ಮಾತ್ರೆನೂ ಕೊಡ್ಲಿಲ್ಲ!”

ಸಕ್ಕರೆ ಕಾಯಿಲೆಯಿಂದ ಹೊಟ್ಟೆಯ ಚಲನೆಯೇ ನಿಂತವರಿಗೆ, ವಾಂತಿ ನಿಲ್ಲದವರಿಗೆ ಈ ಔಷಧಿಗಳು ಬೇಕು. ಗೊತ್ತಿದ್ದವರು ಇಸಿಜಿ ನೋಡಿ, ಅಳೆದು ಕೊಡುತ್ತಾರೆ. ನಮಗೆ ಇಸಿಜಿಯೆಂದರೆ ಎದೆ ಹಿಂಡುವಾಗ ಕೊನೆಗೆ ನೆನಪಾಗುವ ವಸ್ತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಹೃದಯಾಘಾತ ಹಿಡಿಯುವ ವ್ಯವಸ್ಥೆ ಬಂದಿದೆ. ಆ ಮೆಷಿನ್ನಿಗೆ ದೊಡ್ಡ ಎದುರಾಳಿ ಕೌಂಟರಿನಾಚೆಯ ಧೈರ್ಯ: “ಏನಿಲ್ಲ, ಗ್ಯಾಸು.”

ದಿನಾ ನುಂಗುತ್ತಿರುವವರು ಇದನ್ನೋದಿ ಶೀಟನ್ನು ತಿಪ್ಪೆಗೆಸೆಯಬೇಡಿ. ಆಸಿಡ್ ಮಾತ್ರೆ ಥಟ್ಟನೆ ಬಿಟ್ಟರೆ ಉರಿ ಬಡ್ಡಿ ಸಮೇತ ಮರಳೀತು. ಚೀಟಿ ಹಿಡಿದು ಡಾಕ್ಟರ ಬಳಿ ಹೋಗಿ. ಒಂಟಿ ಮಾತ್ರೆ ಸಾಲದೆ, ನನ್ನ ಬೇರೆ ಔಷಧಿಗೆ ಇದು ಹೊಂದುತ್ತದೆಯೆ, ಎಷ್ಟು ದಿನ ಎಂದು ಕೇಳಿ. ಕೊನೆಯದಕ್ಕೆ “ಊಟಕ್ಕೆ ಮುಂಚೆ” ಎಂದರೆ ಮತ್ತೊಮ್ಮೆ ಕೇಳಿ. ಅವರಿಗೆ ಸಿಟ್ಟು ಬಂದೀತು, ಬಿಪಿ ಏರೀತು. ಬಿಪಿಗೆ ಮಾತ್ರೆ ಬರೆದುಕೊಳ್ಳುತ್ತಾರೆ ಬಿಡಿ, ಜೊತೆಗೆ ಗ್ಯಾಸ್‌ಗೊಂದು.