ನಾಲ್ಕನೇ ಯೂನಿಟ್ಟಿನಲ್ಲಿ ಬರುತ್ತೆ

ಮದುವೆ ಮನೆಯಲ್ಲಿ ಜನ ಡಾಕ್ಟರಿಗೆ ಮಂಡಿ ತೋರಿಸುತ್ತಾರೆ, ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಸರ್ಕಾರ ತೋರಿಸುತ್ತಾರೆ. ಎಲೆಗೆ ಕೋಸಂಬರಿ ಬೀಳುವ ಮೊದಲೇ ಪಕ್ಕದವರದು ಒಂದೇ ಪ್ರಶ್ನೆ: 'ಈ ಸಲ ಯಾರು ಬರ್ತಾರೆ ಸಾರ್?' ಮೇಷ್ಟ್ರು 'ಅದನ್ನ ನಾಲ್ಕು ಆಯಾಮದಿಂದ ನೋಡ್ಬೇಕಾಗುತ್ತೆ' ಎಂದು ಶುರು ಮಾಡಿ ಎರಡನೆಯದಕ್ಕೆ ಬರುವಷ್ಟರಲ್ಲಿ ಕೇಳಿದವರು ಮಜ್ಜಿಗೆ ಕುಡಿದು ಎದ್ದಿರುತ್ತಾರೆ.

ಅವರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಕ್ಕಳಿಗೆ ಸಾರ್ವಜನಿಕ ನೀತಿ ಪಾಠ ಮಾಡುತ್ತಾರೆ. ನಾನು ಪಕ್ಕದ ಕನ್ನಡ ವಿಭಾಗದವನು. ನಡುವೆ ಇರುವುದು ತೆಳ್ಳಗಿನ ಗೋಡೆ, ಹೀಗಾಗಿ ನನಗೂ ಅಷ್ಟಿಷ್ಟು ನೀತಿ ಬಂದಿದೆ. ಅವರ ಸೆಮಿಸ್ಟರು ಅರಿಸ್ಟಾಟಲ್‌ನಿಂದ ಹೊರಡುತ್ತದೆ. ಯಾಕೆ ಎಂದರೆ, 'ಬೇರಿಲ್ಲದೆ ಮರ ಉಂಟೇನ್ರೀ?' ಗ್ರೀಸ್ ದಾಟಿ, ಹೆರಾಲ್ಡ್ ಲಾಸ್‌ವೆಲ್ 1956ರಲ್ಲಿ ಹೇಳಿದ ಏಳು ಹಂತಗಳ ಹತ್ತಿರ ಬರುವಾಗ ದಸರಾ ರಜೆ. (ವಿಭಾಗದ ಫ್ಯಾನು ರಿಪೇರಿಯ ಕಡತ ಎರಡು ಬೇಸಿಗೆಯಿಂದ ಮೂರನೇ ಹಂತದಲ್ಲಿದೆ.) ನೀತಿಯ ಅನುಷ್ಠಾನ ಇರುವುದು ನಾಲ್ಕನೇ ಯೂನಿಟ್ಟಿನಲ್ಲಿ. ಅಲ್ಲಿಯವರೆಗೆ ತಲುಪಿದ ಬ್ಯಾಚನ್ನು ನಾನು ಕಂಡಿಲ್ಲ. ಅದರ ಜೆರಾಕ್ಸು ಮಾತ್ರ ಗೇಟಿನೆದುರಿನ ಅಂಗಡಿಯಲ್ಲಿ ಸಿಗುತ್ತದೆ.

2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟೆ ಬಸ್ಸಿನ 'ಶಕ್ತಿ' ಯೋಜನೆ ಶುರುವಾಯಿತಲ್ಲ, ಆಮೇಲೊಂದು ದಿನ ಹುಡುಗಿಯೊಬ್ಬಳು ಬಸ್ಸಿನ ಶೂನ್ಯ ಟಿಕೆಟನ್ನು ಕ್ಲಾಸಿನಲ್ಲಿ ಎತ್ತಿ ತೋರಿಸಿದಳು.

'ಸಾರ್, ದುಡ್ಡೇ ಇಲ್ಲ ಅಂದ್ಮೇಲೆ ಟಿಕೆಟ್ ಯಾಕೆ ಕೊಡ್ತಾರೆ?'

ಮೇಷ್ಟ್ರು ಟಿಕೆಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. 'ಒಳ್ಳೇ ಪ್ರಶ್ನೆ. ನಾಲ್ಕನೇ ಯೂನಿಟ್ಟಿನಲ್ಲಿ ಬರುತ್ತೆ.'

ಹಿಂದಿನ ಬೆಂಚಿನಿಂದ ದನಿ ಬಂತು: 'ಆ ಟಿಕೆಟ್ ಲೆಕ್ಕದ ಮೇಲೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡೋದು ಕಣೇ. ನಮ್ಮಪ್ಪ ಕಂಡಕ್ಟರು.'

ಮೇಷ್ಟ್ರು ಬೋರ್ಡಿನ ಮೇಲೆ 'ಮರುಪಾವತಿ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಐದು ಅಂಶಗಳಲ್ಲಿ ನೋಟ್ಸು ಕೊಟ್ಟರು.

ಒಂದು ಮಾತು ಮಾತ್ರ ಒಪ್ಪಬೇಕು. ಬೊಮ್ಮಾಯಿ ಪ್ರಕರಣದ ದಿನ ಅವರ ದನಿಯೇ ಬೇರೆ. 1989ರಲ್ಲಿ ಸರ್ಕಾರ ವಜಾ ಆದದ್ದು, 1994ರಲ್ಲಿ ಸುಪ್ರೀಂ ಕೋರ್ಟು ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದದ್ದು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆವತ್ತು ನಾನು ಪಂಪನನ್ನು ಪಕ್ಕಕ್ಕಿಟ್ಟು ಗೋಡೆಗೆ ಕಿವಿ ಕೊಡುತ್ತೇನೆ.

2024ರ ಲೋಕಸಭೆ ಚುನಾವಣೆಯಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿ ಅವರು ಪಿ.ಆರ್.ಒ., ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ನಾನು ಅವರ ಕೈಕೆಳಗೆ. ರಾತ್ರಿಯೆಲ್ಲ ಸೊಳ್ಳೆ. ಬೆಳಗಿನ ಐದೂವರೆಗೆ ಅಣಕು ಮತದಾನ, ಕನಿಷ್ಠ ಐವತ್ತು ಓಟು. ಇಲ್ಲಿ ಯೂನಿಟ್ಟು ಎಂದರೆ ಕಂಟ್ರೋಲ್ ಯೂನಿಟ್ಟು, ಬ್ಯಾಲೆಟ್ ಯೂನಿಟ್ಟು ಎರಡೇ. ನಾಲ್ಕನೆಯದಕ್ಕೆ ಮುಂದೂಡುವ ಹಾಗಿಲ್ಲ. ಏಜೆಂಟರ ಮುಂದೆ ಓಟು ಒತ್ತಿಸಿದರು, ಕ್ಲೋಸ್ ಒತ್ತಿದರು, ರಿಸಲ್ಟ್ ತೋರಿಸಿದರು. ಲೆಕ್ಕ ಸರಿ ಬಂತು. ಆ ಸಂತೋಷಕ್ಕೆ ಸಾರ್ವತ್ರಿಕ ವಯಸ್ಕ ಮತದಾನದ ಬಗ್ಗೆ ಎರಡು ಮಾತಾಡಿ, ಯಂತ್ರಕ್ಕೆ ಸೀಲು ಹಾಕಲು ಕೈ ಚಾಚಿದರು.

ಮೂಲೆಯಲ್ಲಿ ಕೂತಿದ್ದ ಏಜೆಂಟು ಎದ್ದು ನಿಂತ. ಅವರದೇ ಹಳೆಯ ವಿದ್ಯಾರ್ಥಿ, ಅದೇ ಊರಿನವನು.

'ಸಾರ್, ಕ್ಲಿಯರ್ ಒತ್ತಿಲ್ಲ. ಆ ಐವತ್ತು ಓಟು ಒಳಗೇ ಇದೆ.'

ಮೇಷ್ಟ್ರು ಕ್ಲಿಯರ್ ಒತ್ತಿದರು, ವಿವಿಪ್ಯಾಟಿನ ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಗೆ ತುಂಬಿದರು. ಏಳು ಗಂಟೆಗೆ ಸರಿಯಾಗಿ ಮತದಾನ ಶುರುವಾಯಿತು.

ಚುನಾವಣಾ ಪ್ರಕ್ರಿಯೆಯ ಪತ್ರಿಕೆಯಲ್ಲಿ ಆ ಹುಡುಗನಿಗೆ ಮೇಷ್ಟ್ರು ಕೊಟ್ಟಿದ್ದ ಇಂಟರ್ನಲ್ ಅಂಕ ಇಪ್ಪತ್ತಕ್ಕೆ ಏಳು.